ಬರಿಯೋ ಮಗಳ, ಇತ್ತ ನೋಡ

ಮಾಲಗಾಂವ, ತಾ. ಮಿರಜ
14 ಮೇ 2024

ಶ್ರೀಪಾಲ ಸರ,

ಐದು ದಿನದ ಕಥೆ-ಕವಿತೆ ಕಮ್ಮಟ ಮುಗಿಯಿತು. ಇನ್ನು ತಿಂಗಳಿಗೊಂದರಂತೆ ನಿಮಗೆ ಆರು ಪತ್ರ ಬರೀಬೇಕು, ಅದೂ ಕೈಬರಹದಲ್ಲಿ. ಆಮೇಲೇ ವಿಶ್ವವಿದ್ಯಾಲಯದ ಪ್ರಮಾಣಪತ್ರ ಅಂದಿರಿ. "ಪ್ರೀತಿ ಇದ್ದರೆ ಪ್ರೀತಿ, ಸಿಟ್ಟಿದ್ದರೆ ಸಿಟ್ಟು, ಮುಚ್ಚಿಡಬೇಡಿ" ಅಂತಲೂ ಅಂದಿರಿ. ಸಿಟ್ಟು ಐತಿ. ತಗೊಳ್ಳಿ.

ನಾನು ಕಾಂಚನ. ಕಡೇ ಬೆಂಚಿನಾಕೆ. ಮಿರಜದ ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವಾಕೆ. ಕವಿತೆಗೆ ಮೊದಲನೇ ಬಹುಮಾನ ಬಂದಾಕೆ. ಈಗ ನೆನಪಾದೀತು.

ನಾಲ್ಕನೇ ದಿನ ನಮ್ಮ ಇಪ್ಪತ್ತೆರಡೂ ಮಂದಿಯನ್ನು ಬಸ್ಸಿನಲ್ಲಿ ತುಂಬಿಕೊಂಡು "ಜನಪದದ ಉಸಿರು ಕೇಳೋಣ" ಅಂತ ಹೊರಟಿರಿ. ಬಸ್ಸು ನಿಂತದ್ದು ನಮ್ಮೂರಲ್ಲಿ, ಗುರುಸಿದ್ಧಪ್ಪ ಶೇಟರ ಬೇದಾಣಾ ಶೆಡ್ಡಿನ ಮುಂದೆ. ಒಣದ್ರಾಕ್ಷಿಗೆ ನಾವು ಬೇದಾಣಾ ಅಂತೀವಿ. ಐದೂ ದಿನ ನಮಗೆ ಊಟ ಹಾಕಿದವರು ಅವರೇ ಅಂತ ಇಳಿಯುವಾಗ ಹೇಳಿದಿರಿ. ಒಳಗೆ ಉದ್ದನೆಯ ಮೇಜು. ಎರಡೂ ಬದಿಗೆ ಸೇರಿ ಇಪ್ಪತ್ತೊಂದು ಹೆಂಗಸರು. ಮುಂದೆ ದ್ರಾಕ್ಷಿಯ ರಾಶಿ. ಕಡ್ಡಿ ಕಿತ್ತು, ಕಪ್ಪಾದದ್ದು ತೆಗೆದು, ಹಸಿರು ಬೇರೆ ಹಳದಿ ಬೇರೆ ಮಾಡತಾರೆ. ಕೈ ಓಡತಿದ್ದವು, ಬಾಯಿ ಹಾಡತಿದ್ದವು. ನೀವು ಕನ್ನಡಕ ತೆಗೆದು ಕಣ್ಣೊರೆಸಿಕೊಂಡಿರಿ. "ನೋಡಿ, ದುಡಿಮೆಯೇ ಹಾಡಾಗುವ ಗಳಿಗೆ! ನಿಮಗೆ ಇಪ್ಪತ್ತು ನಿಮಿಷ. ಈ ಸಂತೋಷವನ್ನು ಕವಿತೆ ಮಾಡಿ."

ಸಂತೋಷ!

ಸರ, ಆ ಮೇಜಿಗೆ ನಾನು ಹದಿನೈದನೇ ವಯಸ್ಸಿನಿಂದ ಇಪ್ಪತ್ತರ ತನಕ ಕುಂತೀನಿ. ಅಲ್ಲಿ ಯಾಕ ಹಾಡತಾರ ಅಂತ ನಿಮಗ ಹೇಳತೀನಿ ಕೇಳಿ. ಹಾಡುವ ಬಾಯಿ ದ್ರಾಕ್ಷಿ ತಿನ್ನುವುದಿಲ್ಲ. ಅಷ್ಟೇ. ಶೇಟರ ತಂದೆ ಮಾಡಿದ ಕಾಯಿದೆ. ರಾಶಿಯಲ್ಲಿ ಕೈ ಇರುವ ತನಕ ಕೊರಳು ನಿಲ್ಲಬಾರದು. ಮೇಜಿನ ತಲೆಗೆ ಸರುಬಾಯಿ ಅಂತ ಮುಕಾದಮ, ಅಂದರೆ ಮೇಸ್ತ್ರಿ, ಕುಂದ್ರತಾಳೆ, ಕೈಯಲ್ಲಿ ಕೆಲಸ ಇಲ್ಲ, ಬರೀ ಕಿವಿ. ಇಪ್ಪತ್ತೊಂದು ದನಿಯಲ್ಲಿ ಒಂದು ಕಡಿಮೆಯಾದರೂ ಹಿಡೀತಾಳೆ. "ಏ ಮಂಗಲ, ಬಾಯಿ ತಗೀ" ಅಂತಾಳೆ. ತೆಗೀಬೇಕು. ನಾಲಿಗೆ ಎತ್ತಿ ತೋರಿಸಬೇಕು. ಕೆಮ್ಮು ಬಂದು ನಿಂತವಳೂ ತೋರಿಸಬೇಕು.

ನೀವು ಕೇಳಿದ್ದು ಬಾಯಿಗೆ ಹಾಕಿದ ಬೀಗದ ಸಪ್ಪಳ.

ಇನ್ನೊಂದು. ಶೇಟರು ಕವಿಗಳಿಗೆಲ್ಲ ಮುಷ್ಟಿ ಮುಷ್ಟಿ ದ್ರಾಕ್ಷಿ ಹಂಚಿದರು. ಅವರು ಹಾಡಿದರು, ನಾವು ತಿಂದೆವು. ನಮ್ಮ ಕಮ್ಮಟದ ಹುಡುಗ ಪಂಕಜ ಬಾಯಿತುಂಬ ಅಗಿಯುತ್ತ, "ಮಾವಶಿ, ಇನ್ನೊಮ್ಮೆ ಹಾಡ್ರಿ, ರೆಕಾರ್ಡ್ ಆಗಲಿಲ್ಲ" ಅಂದ. ಅವನು ಮಾವಶಿ, ಅಂದರೆ ಚಿಕ್ಕಮ್ಮ, ಅಂದದ್ದು ಬಾಗಿಲ ಬದಿಯಿಂದ ಮೂರನೆಯವಳಿಗೆ. ಆಕೆ ಸುಶೀಲಾಬಾಯಿ. ನನ್ನ ಅವ್ವ.

ನಾನು ಮೇಲಕ್ಕೆ ನೋಡಲಿಲ್ಲ. ಬರೀತಾ ಇದ್ದೆ. ಸಂತೋಷದ ಕವಿತೆ.

ಆ ಕವಿತೆ ವಾಪಸ್ ಕೊಡಿ. ನೀವು ತರುತ್ತೀರಲ್ಲ, ಕಮ್ಮಟದ ಸಂಕಲನ, ಅದರಲ್ಲಿ ಹಾಕಬೇಡಿ. ಬೇಕಾದರೆ ಈ ಪತ್ರ ಹಾಕಿ.

ಕಾಂಚನ

*

ವಿಶ್ರಾಮಬಾಗ, ಸಾಂಗ್ಲಿ
2 ಜೂನ್ 2024

ಪ್ರಿಯ ಕಾಂಚನ,

ನಿನ್ನ ಪತ್ರವನ್ನು ಎರಡು ಸಲ ಓದಿದೆ. ಇಷ್ಟು ಜೀವಂತ ಗದ್ಯ ಈ ಕಮ್ಮಟದಲ್ಲಿ ಇನ್ನಾರೂ ಬರೆದಿಲ್ಲ. ಆ ಹಿನ್ನೆಲೆ ನನಗೆ ತಿಳಿದಿರಲಿಲ್ಲ, ನೋವಾಯಿತು.

ಆದರೂ ಗುರುವಾಗಿ ಒಂದು ಮಾತು. ಸಿಟ್ಟು ಕಚ್ಚಾ ಸಾಮಗ್ರಿ. ಅದು ಆರಬೇಕು, ಮಾಗಬೇಕು, ಆಗಲೇ ಕಲೆ. ನಿನ್ನ ಪತ್ರದ "ಬಾಯಿ ತಗೀ" ಭಾಗ ಓದುಗನ ಕೆನ್ನೆಗೆ ಹೊಡೆಯುತ್ತದೆ. ಹೊಡೆತ ತಿಂದವನು ಮುಂದೆ ಓದುವುದಿಲ್ಲ. ಕವಿತೆಯಲ್ಲಾದರೋ ನೀನು ಸಂಯಮ ತೋರಿರುವೆ:

ಹಸಿರು ಮುತ್ತನು ಆರಿಸುವಾಗ
ದಣಿವಿಗೂ ಬಂದಿತು ಕೊರಳು;
ಬರಿಯೋ ಮಗಳ, ಇತ್ತ ನೋಡ,
ಹಾಡತಾವ ಹತ್ತೂ ಬೆರಳು.

ಆ ಮೂರನೆಯ ಸಾಲು! ಬುದ್ಧಿಯಿಂದ ಹುಟ್ಟುವ ಸಾಲಲ್ಲ ಅದು. ದುಡಿಯುವ ಲೋಕವೇ ಕವಿಯನ್ನು ಕರೆಯುತ್ತಿದೆ. ಆ ಒಂದು ಸಾಲಿಗಾಗಿಯೇ ನಿನಗೆ ಬಹುಮಾನ ಕೊಟ್ಟೆವು. ಮುನ್ನುಡಿಯಲ್ಲೂ ಅದನ್ನೇ ಎತ್ತಿಕೊಂಡಿದ್ದೇನೆ. ಸಂಕಲನಕ್ಕೆ ಹೆಸರೂ ಅದೇ ಆಗಲಿ ಎಂಬ ಯೋಚನೆಯಿದೆ.

ಕವಿತೆಯನ್ನು ಹಿಂದಕ್ಕೆ ಪಡೆಯುವ ಮಾತು ಬೇಡ.

ನಿನ್ನ ಹಿತೈಷಿ,
ಶ್ರೀಪಾಲ

*

ಮಾಲಗಾಂವ
23 ಜೂನ್ 2024

ಸರ,

ಆ ಸಾಲು ನನ್ನದಲ್ಲ.

ಮೇಜಿನ ಹಾಡು ನಿಮ್ಮ ಪುಸ್ತಕದ ಹಾಡಿನಂತೆ ಗಟ್ಟಿಯಾಗಿ ಕುಂತಿರುವುದಿಲ್ಲ. ಮಾತಾಡಲು ಬಿಡುವುದಿಲ್ಲವಲ್ಲ, ಅದಕ್ಕೆ ಹೆಂಗಸರು ಹೇಳಬೇಕಾದ್ದನ್ನು ಹಾಡಿನೊಳಗೇ ತೂರಿಸತಾರೆ. ಮನೀಗೆ ಹೋಗುವಾಗ ಕೊತ್ತಂಬರಿ ತಗೋ ಅನ್ನುವುದನ್ನೂ ಅದೇ ರಾಗದಲ್ಲಿ ಅಂತಾರೆ. ಸರುಬಾಯಿಗೆ ರಾಗ ಕೇಳಿದರೆ ಸಾಕು, ಅರ್ಥ ಬೇಕಿಲ್ಲ. ಈ ವಿಷಯದಲ್ಲಿ ನೀವಿಬ್ಬರೂ ಒಂದೇ.

ಆ ದಿನ ನಾನು ಪೆನ್ನು ಹಿಡಿದು ತಲೆ ತಗ್ಗಿಸಿ ಕುಂತಿದ್ದೆ. ಅವ್ವ ಕೆಲಸದಿಂದ ಏಳುವ ಹಾಗಿಲ್ಲ, ಹೆಸರು ಹಿಡಿದು ಕೂಗುವ ಹಾಗಿಲ್ಲ. ಹಾಡಿನೊಳಗೆ ಕೂಗಿದಳು. "ಬರಿಯೋ ಮಗಳ, ಇತ್ತ ನೋಡ." ಮೂರು ಸಲ. ಉಳಿದ ಇಪ್ಪತ್ತು ಮಂದಿ ಗೊತ್ತಾಗಿ ದನಿ ತಗ್ಗಿಸಿದರು, ಆಕೆಯದು ನನಗೆ ಮುಟ್ಟಲಿ ಅಂತ. ಮುಟ್ಟಿತು. ಅಷ್ಟು ಮಂದಿ ಓದಿದವರ ನಡುವೆ ಅದು ನನ್ನ ಅವ್ವ ಅಂತ ಹೇಳಲು ನನಗೆ ನಾಚಿಕೆಯಾಯಿತು. ನಾನು ನೋಡಲಿಲ್ಲ. ಬರೆದುಕೊಂಡೆ.

ಹೌದು ಸರ, ಬರೆದುಕೊಂಡೆ. ಚೆನ್ನಾಗಿದೆ ಅನಿಸಿತು. ನಿಮ್ಮ ಕಮ್ಮಟ ಮೂರು ದಿನದಲ್ಲಿ ನನಗೆ ಕಲಿಸಿದ್ದು ಇದೇ: ಅವ್ವ ಕರೆದರೆ ಓಗೊಡಬೇಡ, ಸಾಲು ಹಿಡಿ.

ಬಹುಮಾನ ಅಂತ ಶೇಟರು ಕೊಟ್ಟ ಡಬ್ಬಿ ಗೊತ್ತಲ್ಲ? ಅದೇ ಶೆಡ್ಡಿನ ದ್ರಾಕ್ಷಿ, ಒಂದು ಕಿಲೋ. ಮನೆಗೆ ಒಯ್ದೆ. ಅವ್ವ ಬಂದು ಕೈಕಾಲು ತೊಳೆದು ಡಬ್ಬಿ ನೋಡಿದಳು.

"ಎಲ್ಲಿದಬೇ ಇದು?"

"ನನ್ನ ಕವಿತೆಗೆ ಬಹುಮಾನ ಕೊಟ್ರು."

"ಎತ್ತಿಡು. ಮಂದಿ ಕಂಡ್ರ ನಾ ಕದ್ದೀನಿ ಅಂತಾರ."

ಹತ್ತೊಂಬತ್ತು ವರ್ಷ ಆ ಮೇಜಿಗೆ ಕುಂತವಳು, ಮಗಳು ಗೆದ್ದು ತಂದ ಡಬ್ಬಿಯ ಮುಚ್ಚಳ ಮುಟ್ಟಲಿಲ್ಲ. ಊಟಕ್ಕೆ ಕುಂತಾಗ ನಾನೇ ಕೇಳಿದೆ, "ಅವ್ವಾ, ಸಿಟ್ಟು ಬಂದೈತೇನು?"

"ಯಾಕ? ನೀ ಬರದಿ, ನಾ ಹಾಡದೆ. ಇಬ್ಬರೂ ನೌಕರೀನ ಮಾಡಿದ್ವಿ." ರೊಟ್ಟಿ ಮುರಿದು ನನ್ನ ತಾಟಿಗೆ ಇಟ್ಟಳು. "ಆದ್ರ ನನ್ನ ಸರುಬಾಯಿ ಹಿಡದಿರತಾಳ. ನಿನ್ನ ಯಾರ ಹಿಡದಿದ್ರು?"

ಹೇಳಿ ಸರ, ಯಾರು ಹಿಡಿದಿದ್ದರು ನನ್ನನ್ನು?

ಸಿಟ್ಟು ಆರಬೇಕು, ಮಾಗಬೇಕು ಅಂತೀರಿ. ಸರ, ಹಣ್ಣನ್ನು ಆರಹಾಕಿದರೆ ಬೇದಾಣಾ ಆಗತೈತಿ. ನನ್ನ ಸಿಟ್ಟು ನಿಮ್ಮ ಶೇಟರ ಮಾಲಲ್ಲ, ಆರಹಾಕಲು.

ಕವಿತೆ ತೆಗೆಯಿರಿ. ನಾನು ಕೇಳಿಕೊಳ್ಳುತ್ತಿಲ್ಲ, ಹೇಳುತ್ತಿದ್ದೇನೆ.

ಕಾಂಚನ

*

ಸಾಂಗ್ಲಿ
11 ಆಗಸ್ಟ್ 2024

ಪ್ರಿಯ ಕಾಂಚನ,

ಉತ್ತರ ತಡವಾಯಿತು. ಪರೀಕ್ಷೆ, ಮೌಲ್ಯಮಾಪನ, ಜೊತೆಗೆ ಪುಸ್ತಕದ ಕೆಲಸ. ಸಂಕಲನ ಅಚ್ಚಿಗೆ ಹೋಗಿದೆ. ಪ್ರವೇಶದ ಅರ್ಜಿಯಲ್ಲಿ ನೀನು ಸಹಿ ಮಾಡಿದ್ದನ್ನು ಜ್ಞಾಪಿಸಬೇಕಾಗಿ ಬಂತು. ಕಮ್ಮಟದಲ್ಲಿ ಬರೆದ ಯಾವುದನ್ನಾದರೂ ಪ್ರಕಟಿಸುವ ಹಕ್ಕು ಕಮ್ಮಟದ್ದು. ಸಾಲು ನಿನ್ನ ತಾಯಿಯದು ಎಂದೆಯಲ್ಲ. ಜನಪದಕ್ಕೆ ಕರ್ತೃ ಇರುವುದಿಲ್ಲ. ಅದು ಆಕೆಯ ದೊಡ್ಡತನ ಎಂದೇ ತಿಳಿ.

ಇದರ ನಡುವೆ ಒಂದು ಸಿಹಿ ಸುದ್ದಿ. ಗುರುಸಿದ್ಧಪ್ಪನವರು ನಿನ್ನ ಕವಿತೆಗೆ ಮನಸೋತಿದ್ದಾರೆ. ಶೆಡ್ಡಿನ ಒಳಗೋಡೆಯ ಮೇಲೆ ಅದನ್ನು ದೊಡ್ಡದಾಗಿ ಬರೆಸಿದ್ದಾರಂತೆ. ಹೊಸ ಡಬ್ಬಿಯ ಮುಚ್ಚಳದ ಮೇಲೂ ಕನ್ನಡ ಮರಾಠಿ ಎರಡರಲ್ಲೂ ಬರುತ್ತದೆ. ನಮ್ಮ ಸಂಕಲನಗಳನ್ನು ನೂರು ಜನ ಓದಿದರೆ ಹೆಚ್ಚು. ನಿನ್ನ ಸಾಲು ಮುಂಬೈಯ ಅಡುಗೆಮನೆಗಳಿಗೆ ಹೋಗುತ್ತದೆ. ಯಾವ ಕವಿಗಿದೆ ಈ ಭಾಗ್ಯ?

ಸೆಪ್ಟೆಂಬರ್ 29ರ ಭಾನುವಾರ ಮಿರಜದಲ್ಲಿ ಬಿಡುಗಡೆ. ನೀನು ಓದಬೇಕು. ನಿನ್ನ ತಾಯಿಯವರಿಗೂ ಅಂದೇ ಸೀರೆ ಹೊದಿಸಿ ಸತ್ಕರಿಸುವ ಇಚ್ಛೆ.

ಶ್ರೀಪಾಲ

*

ಮಾಲಗಾಂವ
1 ಸೆಪ್ಟೆಂಬರ್ 2024

ಶ್ರೀಪಾಲರೇ,

ಸರ ಅನ್ನುವುದು ಇಲ್ಲಿಗೆ ಮುಗಿಯಿತು.

ಗೋಡೆ ನೋಡಿ ಬಂದೆ. ಕೆಂಪು ಅಕ್ಷರ, ಪಕ್ಕದಲ್ಲಿ ದ್ರಾಕ್ಷಿಗೊಂಚಲಿನ ಚಿತ್ರ, ಕೆಳಗೆ ನನ್ನ ಹೆಸರು. ಅದರ ಎದುರಿಗೇ ಅವ್ವ ಕುಂದ್ರುವ ಜಾಗ. ತಲೆ ಎತ್ತಿದರೆ ನಾನು ಕಾಣಬೇಕು ಆಕೆಗೆ.

ಇಷ್ಟೇ ಆಗಿದ್ದರೆ ಬಾಯಿಗೆ ಬಂದಂತೆ ಬೈದು ಸುಮ್ಮನಾಗುತ್ತಿದ್ದೆ. ಕೇಳಿ. ಶೇಟರ ಅಪ್ಪಣೆಯಾಗಿದೆ. ಮುಂಜಾನೆ ಮೇಜಿಗೆ ಕುಂತ ಕೂಡಲೇ ಮೊದಲು ಆ ಕವಿತೆ ಹಾಡಬೇಕು. ವ್ಯಾಪಾರಸ್ತರು ಬಂದಾಗಲೂ ಅದೇ. ಸರುಬಾಯಿಗೆ ಓದಲು ಬರುವುದಿಲ್ಲ, ಬಾಯಿಪಾಠ ಮಾಡಿಕೊಂಡಿದ್ದಾಳೆ. ನಡುವೆ ಕೊತ್ತಂಬರಿ ತೂರಿಸುವ ಹಾಗಿಲ್ಲ, ಕವಿತೆಯಲ್ಲಿ ಇಲ್ಲದ ಮಾತು ಬಂದರೆ ಆಕೆಗೆ ಈಗ ಗೊತ್ತಾಗತೈತಿ. ಮೊದಲು ಬಾಯಿಯಷ್ಟೇ ಶೇಟರದಾಗಿತ್ತು, ಹಾಡಾದರೂ ಹೆಂಗಸರದಾಗಿತ್ತು. ಈಗ ಹಾಡೂ ಹೋಯಿತು. ಕಿತ್ತುಕೊಂಡವಳು ನಾನು. ಹೇಗೆ ಕಿತ್ತುಕೊಳ್ಳಬೇಕು ಅಂತ ಕಲಿಸಿದವರು ನೀವು.

ನನ್ನ ಅವ್ವ ನನ್ನನ್ನು ಕರೆದ ಕರೆ, ಈಗ ಆಕೆ ದಿನಾ ಮುಂಜಾನೆ ಶೇಟರ ಹುಕುಮಿನ ಮೇಲೆ ಹಾಡತಾಳೆ. "ಬರಿಯೋ ಮಗಳ, ಇತ್ತ ನೋಡ." ನಾನು ಆ ಹೊತ್ತಿಗೆ ಮಿರಜದ ಬಸ್ಸಿನಲ್ಲಿರತೀನಿ.

ಮಂಗಲ ಮಾವಶಿ ಬಾವಿಯ ಹತ್ತಿರ ಸಿಕ್ಕು ಅಂದಳು, "ಏನ ಹಾಡ ಬರದೀಯವ್ವಾ, ಉಸುರ ಬಿಡಾಕ ಜಾಗಾ ಇಟ್ಟಿಲ್ಲ." ನಕ್ಕೊಂಡೇ ಅಂದಳು. ಅದಕ್ಕಿಂತ ಕೆನ್ನೆಗೆ ಹೊಡೆದಿದ್ದರೆ ಚೆನ್ನಾಗಿತ್ತು.

ಬಿಡುಗಡೆಗೆ ನಾನು ಬರುವುದಿಲ್ಲ. ಒಂದು ಪ್ರಶ್ನೆಗೆ ಉತ್ತರ ಬರೆಯಿರಿ. ನಿಜವಾಗಿಯೂ ಅವತ್ತು ನಿಮಗೇನೂ ಕಾಣಲಿಲ್ಲವೇ?

ಕಾಂಚನ

*

ಸಾಂಗ್ಲಿ
9 ಸೆಪ್ಟೆಂಬರ್ 2024

ಕಾಂಚನ,

ನಾನು ಬರವಣಿಗೆ ಕಲಿಸುವವನು, ಶೆಡ್ಡು ನಡೆಸುವವನಲ್ಲ. ಶೇಟರ ಹತ್ತಿರ ಮಾತಾಡಲು ನನಗೆ ಅಧಿಕಾರವಿಲ್ಲ. ಮುಂದಿನ ವರ್ಷದ ಕಮ್ಮಟವೂ ಅವರ ನೆರವಿನಿಂದಲೇ ಆಗಬೇಕು. ನಮ್ಮ ಭಾಷೆಗೆ ಈ ಊರುಗಳಲ್ಲಿ ನೆರಳು ಕೊಡುವವರು ಎಷ್ಟು ಮಂದಿ ಉಳಿದಿದ್ದಾರೆ, ನೀನೇ ಹೇಳು.

ನಿನ್ನ ಪ್ರಶ್ನೆಗೆ ಉತ್ತರ. ಮೂರನೆಯ ಹೆಂಗಸು ನಿನ್ನನ್ನೇ ನೋಡುತ್ತ ಹಾಡುತ್ತಿದ್ದುದು ನನಗೆ ಕಂಡಿತ್ತು. ಮೂಗು, ಹಣೆ ಎಲ್ಲ ನಿನ್ನವೇ. ಕೇಳಬೇಕೆನಿಸಿತು. ಕೇಳಿದ್ದರೆ ಆ ದಿನದ ಪಾಠ ಕೆಡುತ್ತಿತ್ತು.

ಶ್ರೀಪಾಲ

*

ಮಾಲಗಾಂವ
6 ಅಕ್ಟೋಬರ್ 2024

ಶ್ರೀಪಾಲ ಸರ ಅವರಿಗೆ ಸುಶೀಲಾಬಾಯಿ ಮಾಡುವ ನಮಸ್ಕಾರ.

ನನಗ ಬರಿಯಾಕ ಬರೂದಿಲ್ರಿ. ಇದನ್ನ ಕಾಂಚನಾನ ಕಡೆಯಿಂದ ಬರಸಿಲ್ಲ, ಆಕಿ ಸುಧಾರಸಿ ಬರೀತಾಳ. ಬಾಜೂ ಮನಿ ಮನಿಷಾ ಬರೀಲಿಕ್ಕತ್ತಾಳ. ನಾ ಹೇಳಿದಂಗ ಬರಿ, ಒಂದ ಅಕ್ಷರ ಹೆಚ್ಚಿಗಿ ಹಾಕಬ್ಯಾಡ ಅಂತ ಹೇಳೇನಿ. ಅದನ್ನೂ ಬರದಾಳ ನೋಡ್ರಿ ಈಗ.

ಮೊನ್ನಿ ಐತವಾರ ಮಿರಜಕ್ಕ ಬಂದಿದ್ದೆ. ಮಗಳು ಹೋಗಬ್ಯಾಡ ಅಂದ್ಲು. ಸೀರಿ ಬಿಡಾಕ ಆಗೂದಿಲ್ಲಬೇ ಅಂತ ನಗಸಿ ಬಂದೆ. ಖರೇ ಅಂದ್ರ ನಿಮ್ಮ ಮಾರಿ ನೋಡಬೇಕಾಗಿತ್ತು. ನೀವು ಸೀರಿ ಹೊದಿಸಿದ್ರಿ. ಛಲೋ ಐತಿ, ಬಣ್ಣ ಬಿಡತೈತೇನೋ ಗೊತ್ತಿಲ್ಲ. ಆಮ್ಯಾಲ ಮೈಕ ಕೈಯಾಗ ಕೊಟ್ಟು "ಅವ್ವಾ, ಒಂದ ಹಾಡ ಹೇಳ್ರಿ" ಅಂದ್ರಿ. ನಾ ಸುಮ್ಮನ ನಿಂತೆ. ಮಂದಿಗೆ ಅಂಜ್ಯಾಳ ಅಂತ ನೀವ ಹೇಳಿದ್ರಿ, ಎಲ್ಲಾರೂ ಪಾಪ ಅಂದ್ರು.

ಅಂಜಿರಲಿಲ್ರಿ. ನನ್ನ ಕೈಯಾಗ ದ್ರಾಕ್ಷಿ ಇರಲಿಲ್ಲ. ದ್ರಾಕ್ಷಿ ಇಲ್ಲದಾಗ ನಾ ಯಾಕ ಹಾಡಲಿ?

ನಿಮ್ಮ ಎರಡನೇ ಮಾತಿಗೆ ಬರತೀನಿ. ಆ ಸಾಲಿಗೆ ಹೆಸರಿಲ್ಲ, ಜನರದು ಅಂತ ಭಾಷಣದಾಗ ಅಂದ್ರಿ. ಅಲ್ರೀ ಸರ, ಅದನ್ನ ಅಂದಾಕಿ ನಾ, ಅನಿಸಿಕೊಂಡಾಕಿ ನನ್ನ ಮಗಳು. ನಡುವ ಜನ ಎಲ್ಲಿಂದ ಬಂದ್ರು? ನೀವು ನಿಮ್ಮ ಮಗಾನ್ನ ಊಟಕ್ಕ ಕರದ್ರ ಅದೂ ಜನಪದ ಆಗತೈತೇನು?

ಮಗಳ ಮ್ಯಾಲ ನನಗ ಸಿಟ್ಟಿತ್ತು. ಆಕಿ ನೋಡಲಿಲ್ಲಂತ ಅಲ್ಲ. ನೋಡದಂಗ ಬರದ್ಲಲ್ಲ, ಅದಕ್ಕ. ಈಗ ಆಕಿ ನನಗ ಎಲ್ಲಾ ಕಾಗದಾ ಓದಿ ತೋರಿಸ್ಯಾಳ, ನಿಮ್ಮವೂ. ನಿಮಗ ನನ್ನ ಮೂಗು ಕಂಡಿತ್ತಂತ. ಪಾಠ ಕೆಡಬಾರದಂತ ಸುಮ್ಮನಾದ್ರಂತ. ಅದನ್ನ ಕೇಳಿದ ಮ್ಯಾಲ ಮಗಳ ಮ್ಯಾಲಿನ ಸಿಟ್ಟು ಇಳೀತು. ಎಲ್ಲಿ ಹೋತು ಅಂತ ನಿಮಗ ಗೊತ್ತಾಗಿರಬೇಕು.

ಸುಶೀಲಾಬಾಯಿ
(ಹೆಬ್ಬೆಟ್ಟಿನ ಗುರುತು)

*

ಮಾಲಗಾಂವ
10 ನವೆಂಬರ್ 2024

ಶ್ರೀಪಾಲರೇ,

ಆರು ಪತ್ರದ ಲೆಕ್ಕದಲ್ಲಿ ಇದು ನನ್ನ ನಾಲ್ಕನೇದು. ಅವ್ವನದು ಐದನೇದು ಅಂತ ಹಿಡಿಯಿರಿ.

ಅಕ್ಟೋಬರ್ 14, ಸೋಮವಾರ ಅಂಗಡಿಗೆ ರಜೆ ಹಾಕಿ ಅವ್ವನ ಹಿಂದೆಯೇ ಶೆಡ್ಡಿಗೆ ಹೋದೆ. ಬಾಗಿಲಲ್ಲಿ ನಿಂತೆ. ಸರುಬಾಯಿ ನನ್ನನ್ನು ನೋಡಿ, "ಬಾರವ್ವಾ ಕವಿ, ನಿನ್ನ ಹಾಡ ಕೇಳು" ಅಂದಳು. ಚುಚ್ಚಿದ್ದಲ್ಲ, ಅಭಿಮಾನದಿಂದಲೇ ಅಂದಳು. ಹೆಂಗಸರು ಶುರು ಮಾಡಿದರು. ಹಸಿರು ಮುತ್ತು, ದಣಿವು, ಕೊರಳು. ಮೂರನೇ ಸಾಲಿಗೆ ಬಂತು.

ಅವ್ವನ ದನಿ ನಿಂತಿತು. ಇಪ್ಪತ್ತೂ ದನಿ ಒಂದೊಂದಾಗಿ ನಿಂತವು. ಅವ್ವ ತಲೆ ಎತ್ತಿ ನನ್ನನ್ನು ನೋಡಿದಳು. ಈ ಸಲ ನಾನು ನೋಡಿದೆ. ಕಣ್ಣು ತೆಗೆಯಲಿಲ್ಲ.

ಅವ್ವ ಸೆರಗಿನ ಗಂಟು ಬಿಚ್ಚಿದಳು. ಗಂಟಿನಲ್ಲಿ ಬೇದಾಣಾ. ಒಂದು ಎತ್ತಿ ಬಾಯಿಗೆ ಹಾಕಿಕೊಂಡಳು.

"ಸುಶೀಲಾ! ಬಾಯಿ ತಗೀ!"

ತೆಗೆದಳು. ನಾಲಿಗೆ ಮುಂದೆ ಚಾಚಿ ತೋರಿಸಿದಳು, ಅದರ ಮೇಲೆ ದ್ರಾಕ್ಷಿ. ಮುಚ್ಚಿದಳು. ಅಗಿದಳು. ಅವಸರ ಮಾಡಲಿಲ್ಲ. ನುಂಗಿದ ಮೇಲೆ ಅಂದಳು, "ಇದು ರಾಶಿಯಾಗಿಂದಲ್ಲ ಸರೂ. ಶೇಟ ತಾನ ಕೈಯಾರೆ ಕೊಟ್ಟ ಡಬ್ಬೀದು. ನನ್ನ ಮಗಳ ಕವಿತೆಗೆ ಬಂದದ್ದು."

ಐದು ತಿಂಗಳಿಂದ ಮುಚ್ಚಳ ತೆಗೆಯದ ಡಬ್ಬಿ! ಎದ್ದು ನಿಂತು ಮೇಜಿನ ಸುತ್ತ ಹಂಚುತ್ತ ಹೋದಳು. ಮಂಗಲ ಮಾವಶಿ, ಆಮೇಲೆ ಆಕೆಯ ಸೊಸೆ, ಆಮೇಲೆ ಲಿಂಗನೂರಿನ ಇಬ್ಬರು. ಒಬ್ಬೊಬ್ಬರೂ ಬಾಯಿಗೆ ಹಾಕಿಕೊಂಡರು. ಒಬ್ಬಾಕೆ ಅತ್ತಳು. ಒಬ್ಬಾಕೆ, "ಇಷ್ಟು ಹುಳೀನ ಇದು? ಇದಕ್ಕೇನ ಕಾವಲ ಇಟ್ಟಿದ್ರು?" ಅಂದಳು. ಎಲ್ಲರೂ ನಕ್ಕರು. ಆ ಶೆಡ್ಡಿನಲ್ಲಿ ನಗು ಕೇಳಿದ್ದು ನನಗೆ ಅದೇ ಮೊದಲು. ಕಡೆಗೆ ಅವ್ವ ಸರುಬಾಯಿಯ ಮುಂದೆಯೂ ಒಂದು ಕಾಳು ಹಿಡಿದಳು. ಸರುಬಾಯಿ ತಗೊಳ್ಳಲಿಲ್ಲ. ಬಾಯಿ ಮಾತ್ರ ತೆರೆದಿತ್ತು.

ಅರ್ಧ ತಾಸಿನಲ್ಲಿ ಶೇಟರು ಬಂದರು. ಎಲ್ಲರನ್ನೂ ಹೊರಗೆ ಹಾಕಿದರು. ಒಂಬತ್ತು ದಿನ ಅವರಿಗೆ ಶೆಡ್ಡಿನ ಬಾಗಿಲು ಬಂದ್. ದೀಪಾವಳಿಗೆ ಮುಂಚೆ ಸಾಂಗ್ಲಿ ಪೇಟೆಗೆ ಮಾಲು ಹೋಗಲೇಬೇಕಿತ್ತು. ಬೇರೆ ಊರಿನಿಂದ ಹೆಂಗಸರನ್ನು ತರಿಸಿದರು, ಹಸಿರಿಗೂ ಹಳದಿಗೂ ಅವರಿಗೆ ಭೇದ ತಿಳಿಯಲಿಲ್ಲ. ಹತ್ತನೇ ದಿನ ಇಪ್ಪತ್ತು ಮಂದಿಯನ್ನು ವಾಪಸ್ ಕರೆದರು. ಅವ್ವನನ್ನು ಕರೆಯಲಿಲ್ಲ.

ಹೌದು, ಗೆದ್ದೆವು ಅಂತ ಬರೆಯುತ್ತಿಲ್ಲ. ಅವ್ವ ಈಗ ಮ್ಹೈಸಾಳದ ಕಡೆ ಕಬ್ಬಿನ ಕಳೆ ತೆಗೆಯಲು ಹೋಗತಾಳೆ. ಆ ಕೆಲಸ ಕಷ್ಟ, ದೂರ, ಬಿಸಿಲು. ಇಪ್ಪತ್ತು ಮಂದಿ ಒಂದೇ ಮಾತು ಹೇಳಿ ಒಳಗೆ ಹೋದರು: ಹಾಡೂದಿಲ್ಲ. ಸುಶೀಲಾನೂ ಬರಬೇಕು ಅಂತ ದಿನಾ ಮುಂಜಾನೆ ಕೇಳತಾರೆ. ಶೇಟರು ದಿನಾ ಇಲ್ಲ ಅಂತಾರೆ. ನಾಳೆಯೂ ಕೇಳತಾರೆ. ಗೋಡೆಯ ಮೇಲೆ ಕವಿತೆ ಇನ್ನೂ ಐತಿ. ನಾನು ಸುಣ್ಣ ತಗೊಂಡು ಹೊರಟಿದ್ದೆ, ಮಂಗಲ ಮಾವಶಿ ತಡೆದಳು. "ಇರಲಿ ಬಿಡ. ನೊಣಾ ಕುಂದ್ರಾಕ ಆತು."

ನಿಮ್ಮ ಸಂಕಲನ ಅಂಚೆಯಲ್ಲಿ ಬಂತು. ಇದರ ಜೊತೆಗೇ ಕಳಿಸುತ್ತಿದ್ದೇನೆ. ನನ್ನ ಕವಿತೆಯಿದ್ದ ಹಾಳೆ ಹರಿದು ಇಟ್ಟುಕೊಂಡೆ. ಬಚ್ಚಿಡಲು ಅಲ್ಲ. ಏನು ಮಾಡಿದೆ ಅಂತ ಮರೆಯಬಾರದಲ್ಲ, ಅದಕ್ಕೆ. ಪ್ರಮಾಣಪತ್ರ ಕಳಿಸಬೇಡಿ.

ಮೇಜಿನ ಸುತ್ತ ಈಗ ಇಪ್ಪತ್ತು ಮಂದಿ ಮಾತಾಡತಾರೆ. ಇಷ್ಟು ವರ್ಷ ಹಾಡಿನ ಸಂದಿಯಲ್ಲಿ ತೂರಿಸಿದ್ದನ್ನೆಲ್ಲ ಬಿಚ್ಚಿ ಮಾತಾಡತಾರೆ. ಸಂಜೆ ನಮ್ಮ ಕಟ್ಟೆಗೆ ಬಂದು ಅವ್ವನಿಗೆ ಹೇಳತಾರೆ, ಅವ್ವ ಕೇಳಿ ಇನ್ನಷ್ಟು ಸೇರಿಸತಾಳೆ. ನಾನೂ ಅಲ್ಲೇ ಕುಂದ್ರತೀನಿ. ಪೆನ್ನು ಒಳಗೇ ಇರತೈತಿ. ಏನು ಮಾತಾಡತಾರೆ ಅನ್ನುವುದೇ ಆರನೇ ಪತ್ರ ಆಗಬೇಕಿತ್ತು.

ಅದು ನಿಮಗಲ್ಲ.

ಈಗ ಇತ್ತ ನೋಡುತ್ತಿರುವ,
ಸುಶೀಲಾಬಾಯಿಯ ಮಗಳು ಕಾಂಚನ